ಕಾಡು ಯೀಸ್ಟ್‌ಗಳನ್ನು ಗುರುತಿಸುವ ಬಗೆ

ಹಣ್ಣಿನ ಸಿಪ್ಪೆ, ಹೂವಿನ ಮಕರಂದ ಅಥವಾ ಮರದ ರಸದಿಂದ ತೆಗೆದ ಮಾದರಿಯಲ್ಲಿ ಹಲವು ಬಗೆಯ ಯೀಸ್ಟ್‌ಗಳೂ ಬ್ಯಾಕ್ಟೀರಿಯಾಗಳೂ ಬೆರೆತಿರುತ್ತವೆ. ಆದ್ದರಿಂದ ಮಾದರಿಯನ್ನು ಮೊದಲು ಬ್ಯಾಕ್ಟೀರಿಯಾಗಳನ್ನು ತಡೆಯುವ ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೈವಿಕ ಸೇರಿಸಿದ ಅಗರ್ (ಪೋಷಕಾಂಶವುಳ್ಳ ಗಟ್ಟಿ ಲೋಳೆ) ತಟ್ಟೆಯ ಮೇಲೆ ಗೀರಿ, 25ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ದಿನ ಬೆಳೆಸಿ, ಒಂಟಿಯಾಗಿ ನಿಂತ ಕಾಲೊನಿಯನ್ನು (ಕೋಶಗಳ ಗುಪ್ಪೆಯನ್ನು) ಆರಿಸಿ ಹೊಸ ತಟ್ಟೆಗೆ ಗೀರಬೇಕು. ಇದನ್ನು ಕನಿಷ್ಠ ಎರಡು ಬಾರಿ ಮಾಡದೆ ಮುಂದುವರಿದರೆ, ಮುಂದಿನ ಪರೀಕ್ಷೆಗಳ ಫಲಿತಾಂಶ ಯಾವ ಒಂದು ಜೀವಿಯದೂ ಆಗಿರುವುದಿಲ್ಲ.

ಕಾಲೊನಿಯ ಬಣ್ಣ, ಹೊಳಪು ಮತ್ತು ಅಂಚನ್ನು ಬರೆದಿಟ್ಟುಕೊಳ್ಳಿ. ಗುಲಾಬಿ ಅಥವಾ ಕಿತ್ತಳೆ ಬಣ್ಣ ರೊಡೊಟೊರುಲಾದಂಥ ಕುಲಗಳತ್ತ ಬೆರಳು ತೋರುತ್ತದೆ. ಆದರೆ ಕೆನೆಬಣ್ಣದಿಂದ ಏನನ್ನೂ ತೀರ್ಮಾನಿಸಲಾಗದು.

ಹೆಚ್ಚಿನ ಸುಳಿವು ಸಿಗುವುದು ಸೂಕ್ಷ್ಮದರ್ಶಕದಲ್ಲಿ. ಒಂದೆರಡು ದಿನದ ಎಳೆಯ ಬೆಳವಣಿಗೆಯನ್ನು 400 ಪಟ್ಟು ಹಿಗ್ಗಿಸಿ, ಕೋಶದ ಆಕಾರಕ್ಕಿಂತ ಮೊಗ್ಗು ಎಲ್ಲಿಂದ ಒಡೆಯುತ್ತದೆ ಎಂಬುದನ್ನು ತಾಳ್ಮೆಯಿಂದ ನೋಡಿ. ಸ್ಯಾಕರೊಮೈಸಿಸ್‌ನಲ್ಲಿ ಮೊಗ್ಗು ಮೈಯ ಹಲವು ಕಡೆಗಳಿಂದ ಹೊರಡುತ್ತದೆ. ನಿಂಬೆಹಣ್ಣಿನಾಕಾರದ ಹ್ಯಾನ್ಸೆನಿಯಾಸ್ಪೋರಾದಲ್ಲಿ ಎರಡು ತುದಿಗಳಲ್ಲಿ ಮಾತ್ರ. ಸ್ಕಿಝೊಸ್ಯಾಕರೊಮೈಸಿಸ್‌ನಲ್ಲಂತೂ ಮೊಗ್ಗೇ ಇಲ್ಲ, ಕೋಶವು ನಡುವೆ ಅಡ್ಡಗೋಡೆ ಕಟ್ಟಿಕೊಂಡು ಇಬ್ಭಾಗವಾಗುತ್ತದೆ. ಬೀಜಕಗಳನ್ನು ನೋಡಲು ಅಸಿಟೇಟ್ ಅಗರ್ ಮೇಲೆ ಕೆಲವು ದಿನಗಳಿಂದ ಎರಡು ಮೂರು ವಾರ ಬೆಳೆಸಿ, ಮ್ಯಾಲಕೈಟ್ ಗ್ರೀನ್ ಮತ್ತು ಸಫ್ರಾನಿನ್ ಬಣ್ಣ ಹಾಕಿದರೆ ಬೀಜಕಗಳು ಹಸಿರಾಗಿಯೂ ಉಳಿದ ಕೋಶಗಳು ಕೆಂಪಾಗಿಯೂ ಕಾಣುತ್ತವೆ. ಬೀಜಕ ಕಾಣದ ಮಾತ್ರಕ್ಕೆ ಅವು ಹುಟ್ಟುವುದೇ ಇಲ್ಲವೆಂದು ಬರೆಯಬಾರದು.

ಇನ್ನು ಸಕ್ಕರೆಗಳ ಹುದುಗುವಿಕೆ. ಗ್ಲೂಕೋಸ್, ಗ್ಯಾಲಕ್ಟೋಸ್, ಸುಕ್ರೋಸ್, ಮಾಲ್ಟೋಸ್, ಲ್ಯಾಕ್ಟೋಸ್ ಇವುಗಳನ್ನು ಶೇಕಡ 2ರಂತೆ ಬೇರೆ ಬೇರೆ ನಳಿಕೆಗಳ ದ್ರವಕ್ಕೆ ಸೇರಿಸಿ, ಒಳಗೆ ಡರ್‌ಹ್ಯಾಮ್ ನಳಿಕೆ ಎಂಬ ಪುಟ್ಟ ಗಾಜಿನ ಕೊಳವೆಯನ್ನು ಬೋರಲಾಗಿ ಇಟ್ಟು, ಅದರಲ್ಲಿ ಅನಿಲ ತುಂಬುವುದನ್ನು ಗಮನಿಸಬೇಕು. ಕೆಲವು ತಳಿಗಳು ತಡವಾಗಿ ಹುದುಗುವುದರಿಂದ 28 ದಿನಗಳವರೆಗೆ ಕಾಯುವುದು ರೂಢಿ. ಮೂರನೆಯ ದಿನವೇ "ಇಲ್ಲ" ಎಂದು ಬರೆಯುವ ಆತುರ ಈ ಕೆಲಸದ ದೊಡ್ಡ ಶತ್ರು. ಗ್ಲೂಕೋಸನ್ನು ಹುದುಗಿಸದ ಯೀಸ್ಟ್ ಬೇರೆ ಯಾವ ಸಕ್ಕರೆಯನ್ನೂ ಹುದುಗಿಸುವುದಿಲ್ಲ ಎಂಬ ಕ್ಲೂವರ್ ನಿಯಮ ಇಲ್ಲಿ ಒಳ್ಳೆಯ ತಾಳೆ: ನಿಮ್ಮ ಫಲಿತಾಂಶ ಅದಕ್ಕೆ ವಿರುದ್ಧವಾಗಿದ್ದರೆ ಮೊದಲು ಸಂಶಯಿಸಬೇಕಾದದ್ದು ನಳಿಕೆಯ ಶುದ್ಧತೆಯನ್ನು. ಲ್ಯಾಕ್ಟೋಸ್ ಹುದುಗಿದರೆ ಕ್ಲೂವೆರೊಮೈಸಿಸ್ ಕುಲವನ್ನು ನೆನೆಯಬಹುದು.

ಸಾರಜನಕದ ಪರೀಕ್ಷೆಗಳಲ್ಲಿ ಲೈಸಿನ್ ಅಗರ್ ಬಹಳ ಉಪಯುಕ್ತ. ಲೈಸಿನ್ ಎಂಬ ಅಮೈನೊ ಆಮ್ಲ ಒಂದೇ ಸಾರಜನಕದ ಮೂಲವಾಗಿದ್ದಾಗ ಬ್ರೆಡ್ಡಿನ ಯೀಸ್ಟ್ ಆದ ಸ್ಯಾಕರೊಮೈಸಿಸ್ ಸೆರೆವಿಸಿಯೆ ಬೆಳೆಯುವುದಿಲ್ಲ, ಆದರೆ ಬೇರೆ ಕುಲಗಳ ಅನೇಕ ಯೀಸ್ಟ್‌ಗಳು ಬೆಳೆಯುತ್ತವೆ. ಹಳೆಯ ದ್ರವದ ಪೋಷಕಾಂಶ ಅಂಟಿಕೊಂಡು ಬಂದರೆ ಸುಳ್ಳು ಬೆಳವಣಿಗೆ ಕಾಣಿಸುವುದರಿಂದ ಕೋಶಗಳನ್ನು ಶುದ್ಧೀಕರಿಸಿದ ನೀರಿನಲ್ಲಿ ತೊಳೆದೇ ಹಾಕಬೇಕು. ಯೂರಿಯಾ ಅಗರ್ ಗುಲಾಬಿಯಾದರೆ ಅದು ಬಹುಶಃ ಬೆಸಿಡಿಯೊಮೈಸೀಟ್ (ಅಣಬೆಗಳೂ ಸೇರುವ ಶಿಲೀಂಧ್ರ ಗುಂಪಿನ) ಯೀಸ್ಟ್. ಸ್ಕಿಝೊಸ್ಯಾಕರೊಮೈಸಿಸ್ ಇದಕ್ಕೆ ಅಪವಾದ. ಪ್ರತಿ ಪರೀಕ್ಷೆಯಲ್ಲೂ ಪರಿಚಿತ ತಳಿಯೊಂದನ್ನೂ, ಯೀಸ್ಟ್ ಹಾಕದ ನಳಿಕೆಯೊಂದನ್ನೂ ಜೊತೆಗಿಡಿ.

ಈ ಲಕ್ಷಣಗಳು ಕುಲದವರೆಗೆ ಸಾಮಾನ್ಯವಾಗಿ ನಂಬಿಕೆಯಿಂದ ಕರೆದೊಯ್ಯುತ್ತವೆ, ಪ್ರಭೇದದವರೆಗೆ ಕೆಲವೊಮ್ಮೆ ಮಾತ್ರ. ಸ್ಯಾಕರೊಮೈಸಿಸ್ ಸೆರೆವಿಸಿಯೆಯನ್ನು ಅದರ ಹತ್ತಿರದ ಬಂಧು ಪ್ಯಾರಡಾಕ್ಸಸ್‌ನಿಂದ ಇವುಗಳ ಬಲದಿಂದ ಖಚಿತವಾಗಿ ಬೇರ್ಪಡಿಸಲು ಆಗುವುದಿಲ್ಲ. ಡಿಎನ್‌ಎ ಅನುಕ್ರಮ ಕೈಸೇರುವವರೆಗೆ ಸೀಸೆಯ ಚೀಟಿಯ ಮೇಲೆ ಕುಲದ ಹೆಸರನ್ನಷ್ಟೇ ಬರೆಯಿರಿ.