ಹುಬ್ಬಳ್ಳಿ ‘ಹಬಬಳಳ’ ಆಗದಂತೆ ಫಾರ್ಮ್ ಕ್ಲೀನ್ ಮಾಡುವುದು ಹೇಗೆ?

ನನ್ನ ಹತ್ತಿರ ವೆಬ್‌ಸೈಟ್ ಕೆಲಸ ಕಲಿಯಲು ಬರುವ ಹುಡುಗರು ಫಾರ್ಮ್ ಮಾಡಿದ ಕೂಡಲೇ ಊರಿನ ಕಾಲಂನಲ್ಲಿ ‘ಗದಗ’ ಅಂತ ಹೊಡೆದು ನೋಡುತ್ತಾರೆ. ಸರಿಯಾಗಿ ಸೇವ್ ಆಗುತ್ತದೆ. ಮರುದಿನ ಹುಬ್ಬಳ್ಳಿಯವರು ಯಾರಾದರೂ ತುಂಬಿದರೆ ಡೇಟಾಬೇಸ್‌ನಲ್ಲಿ ‘ಹಬಬಳಳ’ ಕೂತಿರುತ್ತದೆ. ಧಾರವಾಡ ‘ಧರವಡ’, ಹಾವೇರಿ ‘ಹವರ’! ಗದಗಕ್ಕೆ ಕೊಂಬು, ಗುಡಿಸು, ಒತ್ತು ಏನೂ ಇಲ್ಲ. ಅದಕ್ಕೇ ಬಚಾವಾಯಿತು. ಉಳಿದ ಊರುಗಳಲ್ಲಿ, ತುಂಬಿದ್ದನ್ನು ಸೇವ್ ಮಾಡುವ ಮೊದಲು ಬೇಡದ ಚಿಹ್ನೆ ತೆಗೆಯುವ ‘ಕ್ಲೀನಿಂಗ್’ ಕೋಡೇ ಇವನ್ನು ಅಳಿಸಿರುತ್ತದೆ.

ಮೊದಲು ಮಾಹಿತಿ ಕೂರುವ ಡೇಟಾಬೇಸ್ ಟೇಬಲ್. ಮೈಎಸ್‌ಕ್ಯೂಎಲ್ ಡೇಟಾಬೇಸ್ ಆದರೆ ಅಕ್ಷರ ಉಳಿಸುವ ವಿಧಾನ (ಕ್ಯಾರೆಕ್ಟರ್ ಸೆಟ್) ಯುಟಿಎಫ್‌8ಎಂಬಿ4 ಇಡಿ. ಅದರ ಹಳೆಯ ಯುಟಿಎಫ್‌8ನಲ್ಲಿ ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ. ಕನ್ನಡ ಹಿಡಿಸುತ್ತದೆ, ಇಮೋಜಿಗೆ 4 ಬೇಕು.

ಆಮೇಲೆ ಹಿಂದೆ ಮುಂದೆ ಇರುವ ಖಾಲಿ ಜಾಗ ಟ್ರಿಮ್ ಮಾಡಿ, ಎನ್‌ಎಫ್‌ಸಿ ನಾರ್ಮಲೈಸ್ ಮಾಡಿ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಕೋಡ್ ರೂಪಗಳನ್ನು ಒಂದೇ ರೂಪಕ್ಕೆ ತನ್ನಿ. ‘ಕೊ’ ಅನ್ನುವುದನ್ನು ಎರಡು ಕೋಡ್‌ನಲ್ಲೂ ಬರೆಯಬಹುದು, ಮೂರರಲ್ಲೂ ಬರೆಯಬಹುದು. ಕಣ್ಣಿಗೆ ಒಂದೇ, ಹುಡುಕಿದರೆ ಸಿಗುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗ, ರೆಜೆಕ್ಸ್, ಅಂದರೆ ಯಾವ ಅಕ್ಷರ ಹುಡುಕಬೇಕು, ತೆಗೆಯಬೇಕು ಅಂತ ಹೇಳುವ ಸೂತ್ರ. ‘ಅಕ್ಷರ ಬಿಟ್ಟು ಉಳಿದದ್ದೆಲ್ಲ ತೆಗೆ’ ಅಂತ ಬರೆಯುತ್ತಾರೆ. ಯುನಿಕೋಡ್ (ಪ್ರತಿ ಅಕ್ಷರಕ್ಕೂ ಒಂದು ಕೋಡ್ ಕೊಡುವ ಜಾಗತಿಕ ಪಟ್ಟಿ) ಲೆಕ್ಕದಲ್ಲಿ ‘ಬ’ ಸೇರುವುದು ಅಕ್ಷರಗಳ ‘ಎಲ್’ ಗುಂಪಿಗೆ. ಕೊಂಬು, ಗುಡಿಸು, ಒತ್ತು ಮೂಡಿಸುವ ಹಲಂತದ ಗುರುತು (್) ಸೇರುವುದು ಅಕ್ಷರಕ್ಕೆ ಅಂಟುವ ಗುರುತುಗಳ ‘ಎಂ’ ಗುಂಪಿಗೆ. ಎರಡನ್ನೂ ಉಳಿಸಿಕೊಳ್ಳಬೇಕು. ವೆಬ್‌ಸೈಟ್ ಬರೆಯುವ ಪಿಎಚ್‌ಪಿ ಭಾಷೆಯಲ್ಲಿ ರೆಜೆಕ್ಸ್‌ನ ಕೊನೆಗೆ ‘ಯು’ ಫ್ಲ್ಯಾಗ್ (ಇದು ಯುನಿಕೋಡ್ ಅಂತ ತಿಳಿಸುವ ಗುರುತು) ಹಾಕುವುದನ್ನು ಮರೆಯಬೇಡಿ. ಇಷ್ಟಕ್ಕೇ ಮುಗಿಯಲಿಲ್ಲ. ಕಣ್ಣಿಗೆ ಕಾಣದ ಕೋಡ್‌ಗಳೆಲ್ಲ ಕಸ ಅಂತ ಗುಡಿಸಿದರೆ ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ. ನಡುವೆ ಇದ್ದದ್ದು 200ಸಿ, ಅಕ್ಷರಗಳು ಅಂಟದಂತೆ ತಡೆಯುವ ಯುನಿಕೋಡ್ ಕೋಡ್. ‘ರ‍್ಯಾಂಕ್’ ಹಾಗೆ ನಿಲ್ಲುವುದು 200ಡಿ ಇಂದ. ಇವೆರಡೂ ಇರಲಿ. ಅಗಲವೇ ಇಲ್ಲದ ಖಾಲಿ ಜಾಗವಾದ 200ಬಿ ಮಾತ್ರ ಧಾರಾಳವಾಗಿ ಕಿತ್ತೊಗೆಯಿರಿ. ಫೋನ್ ನಂಬರನ್ನು ಕನ್ನಡ ಅಂಕಿಯಲ್ಲಿ ಬರೆದರೆ ಬಯ್ಯದೆ ಬದಲಿಸಿಕೊಳ್ಳಿ.

ನನ್ನ ಮಟ್ಟಿಗೆ, ಕಣ್ಣಿಗೆ ಕಾಣುವ ಚಿಹ್ನೆಯನ್ನು ಸುಮ್ನೆ ಅಳಿಸುವುದೇ ತಪ್ಪು. ಬೇಡದ ಚಿಹ್ನೆ ಬಂದರೆ ತುಂಬಿದವರಿಗೆ ತೋರಿಸಿ, ಅವರೇ ತಿದ್ದಲಿ. ವಿಳಾಸ, ದೂರು ಬರೆಯುವ ಕಾಲಂಗಳಲ್ಲಂತೂ ಕೈ ಹಾಕಲೇಬೇಡಿ. ಯುನಿಕೋಡ್ ಅಲ್ಲದ ಹಳೆಯ ‘ನುಡಿ’ ತಂತ್ರಾಂಶದ ಫೈಲಿನಿಂದ ಕಾಪಿ ಮಾಡಿ ಅಂಟಿಸಿದ್ದು ಇಂಗ್ಲಿಷ್ ಕಲಸುಮೇಲೋಗರವಾಗಿ ಬರುತ್ತದೆ. ಅದಕ್ಕೆ ಕ್ಲೀನಿಂಗ್ ಔಷಧವಲ್ಲ, ಯುನಿಕೋಡ್‌ಗೆ ಕನ್ವರ್ಟ್ ಮಾಡಬೇಕು.

ಡೇಟಾಬೇಸ್‌ಗೆ ಹಾಕುವಾಗ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಆದೇಶವನ್ನೂ ತುಂಬಿದ ಮಾಹಿತಿಯನ್ನೂ ಬೇರೆ ಬೇರೆಯಾಗಿ ಕಳಿಸುವ ವಿಧಾನ) ಒಂದೇ ದಾರಿ. ಎಲ್ಲಿಂದಲೋ ಎತ್ತಿಕೊಂಡ ‘ಸರ್ವರೋಗ’ ಫಂಕ್ಷನ್‌ಗಳು ಡಿ'ಸೋಜಾ ಅವರ ಹೆಸರಿಗೆ ಓರೆಗೆರೆ ಸಿಕ್ಕಿಸಿ ಡಿ\'ಸೋಜಾ ಮಾಡುತ್ತವೆ. ಪಿಎಚ್‌ಪಿಯೇ ಇಂಥದೊಂದು ಆಟ ಆಡುತ್ತಿತ್ತು, ಮ್ಯಾಜಿಕ್ ಕೋಟ್ಸ್ ಅಂತ. 2012ರಲ್ಲಿ 5.4 ಆವೃತ್ತಿ ಬಂದಾಗ ಅದನ್ನು ಕಿತ್ತು ಹಾಕಿದರು. ಪುಣ್ಯ.

ಎಚ್‌ಟಿಎಂಎಲ್ ಎಸ್ಕೇಪ್, ಅಂದರೆ ವೆಬ್ ಪುಟದಲ್ಲಿ ವಿಶೇಷ ಅರ್ಥವಿರುವ ಚಿಹ್ನೆಗಳನ್ನು ಕೋಡ್ ಮಾಡುವುದು? ಅದು ಪುಟದಲ್ಲಿ ತೋರಿಸುವಾಗಿನ ಕೆಲಸ, ಸೇವ್ ಮಾಡುವಾಗ ಬೇಡ. ಮೊದಲೇ ಮಾಡಿಟ್ಟರೆ ಅಂಗಡಿ ಹೆಸರಿನ & ಚಿಹ್ನೆ & ಅನ್ನುವ ಐದಕ್ಷರದ ಕೋಡ್ ಆಗಿ ಕೂರುತ್ತದೆ. ಆಮೇಲೆ ಗಿರಾಕಿಗೆ ಹೋಗುವ ಎಸ್‌ಎಂಎಸ್‌ನಲ್ಲೂ ಅದೇ.

ಟೆಸ್ಟ್ ಮಾಡುವಾಗ ಗದಗ ಬಿಡಿ. ಅದೇ ಜಿಲ್ಲೆಯ ಲಕ್ಷ್ಮೇಶ್ವರ ಹಾಕಿ. ಜೊತೆಗೆ ಒಬ್ಬ ಡಿ'ಸೋಜಾ, ಒಂದು ರ‍್ಯಾಂಕ್, ಒಂದು ಇಮೋಜಿ.