ದೆವ್ವದ ಕಾರಿಗೆ ಬ್ರೇಕ್ ಹಿಡಿಯಲಿಲ್ಲ

ನಮ್ಮ ಹತ್ತಿರ ಇದ್ದದ್ದು ಒಂದು ಹಳೇ ಕಪ್ಪು ಕಾರು, ಐದು ಜನ, ನಾಲ್ಕು ರಾತ್ರಿ. ಕಾರೂ ನಮ್ಮದಲ್ಲ, ಎರವಲು. ಮಾಲೀಕರು ಕೀ ಕೊಡೋದಕ್ಕೆ ಕೈ ಚಾಚಿ ಎರಡು ಸಲ ಹಿಂದಕ್ಕೆ ಎಳೆದುಕೊಂಡರು. ಮಾಡಬೇಕಿದ್ದದ್ದು ಹದಿನೈದು ನಿಮಿಷದ ಸಿನಿಮಾ. ದೆವ್ವ ಹೊಕ್ಕ ಕಾರಿನ ಕಥೆ, ಎಪ್ಪತ್ತರ ದಶಕದಲ್ಲಿ ತೆಗೆದ ಹಾಗೆ ಕಾಣಬೇಕು.

ಕಾರು ತಾನೇ ಓಡಬೇಕು ಅಂದರೆ ಓಡಿಸುವವನು ಕಾಣಬಾರದು, ಅಲ್ವಾ? ಸೀಟಿನ ಬಣ್ಣದ್ದೇ ಬಟ್ಟೆ ತಂದು, ನಮ್ಮ ಡ್ರೈವರ್‌ಗೆ ತಲೆಯಿಂದ ಮೊಣಕಾಲಿನ ತನಕ ಹೊದಿಸಿದೆವು. ಕಣ್ಣಿಗೆ ಎರಡು ತೂತು. ಹೊರಗಿಂದ ನೋಡಿದರೆ ಖಾಲಿ ಸೀಟು. ಆದರೆ ಪಾಪ, ಅವನಿಗೆ ಅಕ್ಕಪಕ್ಕ ಏನೂ ಕಾಣುತ್ತಿರಲಿಲ್ಲ. ಹಾಗಾಗಿ ಅನುಮತಿ ಪಡೆದ ಖಾಸಗಿ ರಸ್ತೆಯಲ್ಲಿ, ನೇರ ದಾರಿಯಲ್ಲಿ ಮಾತ್ರ ಓಡಿಸಿದ. ಕಿವಿಯಲ್ಲಿ ವಾಕಿಟಾಕಿ, ಆ ಕಡೆಯಿಂದ ಒಬ್ಬ ದಾರಿ ಹೇಳುತ್ತಿದ್ದ.

ಸ್ಟೀರಿಂಗ್ ತಾನಾಗಿ ತಿರುಗುವ ಕ್ಲೋಸಪ್‌ಗೆ ಮೊದಲು ಮೀನಿನ ಗಾಳದ ದಾರ ಕಟ್ಟಿ ಎಳೆದು ನೋಡಿದೆವು. ದಾರ ಬೆಳಕಿಗೆ ಮಿಂಚಿ ಮಾನ ಕಳೆಯಿತು. ಆಮೇಲೆ ಮೆಕ್ಯಾನಿಕ್ ಬಂದು, 'ಸರ್, ಸ್ಟೀರಿಂಗ್ ಯಾಕೆ ಎಳೀತೀರಿ? ಚಕ್ರ ತಿರುಗಿಸಿ' ಅಂದರು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದರು. ಹೊರಗೆ ಒಬ್ಬ ಕುಕ್ಕರುಗಾಲಲ್ಲಿ ಕೂತು ಟೈರನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದ. ಒಳಗೆ ಸ್ಟೀರಿಂಗ್ ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ತಿರುಗಿತು. ಮಧ್ಯೆ ಒಂದು ಚೂರು ತಡೆದು, ಮತ್ತೆ ತಿರುಗಿತು. ಆ ತಡೆ ಅವನ ಕೈ ಜಾರಿದ್ದರಿಂದ ಬಂದದ್ದು. ಅದೇ ಟೇಕ್ ಇಟ್ಟುಕೊಂಡೆವು.

1977ರ 'ದಿ ಕಾರ್' ಸಿನಿಮಾದಲ್ಲಿ ಕಪ್ಪು ಕಾರಿಗೆ ಬಾಗಿಲಿನ ಹಿಡಿಯೇ ಇಲ್ಲ. ನೋಡುವಾಗ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ತಕ್ಷಣ ಹೊಳೆಯುವುದಿಲ್ಲ. ಆ ಕಾರನ್ನು ಸಿನಿಮಾಕ್ಕೆ ಅಂತಲೇ, ಕಾರುಗಳ ರೂಪ ಬದಲಿಸುವುದರಲ್ಲಿ ಹೆಸರಾದ ಜಾರ್ಜ್ ಬ್ಯಾರಿಸ್ ಮಾಡಿಕೊಟ್ಟಿದ್ದರು. ಎರವಲು ಕಾರಿನ ಹಿಡಿ ಬಿಚ್ಚುವ ಧೈರ್ಯ ನಮಗೆಲ್ಲಿ? ಹೊಳೆಯುವ ಹಿಡಿಗಳ ಮೇಲೆ ಹೊಳಪಿಲ್ಲದ ಕಪ್ಪು ಟೇಪ್ ಸುತ್ತಿದೆವು. ಮುಸ್ಸಂಜೆ ಬೆಳಕಲ್ಲಿ ನಿಜಕ್ಕೂ ಮಾಯವಾದವು.

ಕಾರು ನುಗ್ಗಿ ಬಂದು ನಾಯಕನ ಮೊಣಕಾಲಿಗೆ ಬಂಪರ್ ತಾಗುವಷ್ಟರಲ್ಲಿ ನಿಲ್ಲುವ ಶಾಟನ್ನು ಉಲ್ಟಾ ತೆಗೆದೆವು. ಕಾರು ಅವನ ಹತ್ತಿರವೇ ನಿಂತಿರುತ್ತದೆ, ರಿವರ್ಸ್‌ನಲ್ಲಿ ದೂರ ಹೋಗುತ್ತದೆ. ಎಡಿಟಿಂಗ್‌ನಲ್ಲಿ ತಿರುಗಿಸಿದರೆ ಮುಗೀತು. 1983ರ 'ಕ್ರಿಸ್ಟೀನ್' ಸಿನಿಮಾದಲ್ಲಿ ನಜ್ಜುಗುಜ್ಜಾದ ಕಾರು ತಾನೇ ಸರಿಹೋಗುವ ದೃಶ್ಯವೂ ಇಂಥದ್ದೇ ಉಲ್ಟಾ ಆಟ. ಒಳಗಿಂದ ಹೈಡ್ರಾಲಿಕ್ ಪಂಪ್‌ಗಳಿಂದ ಬಾಡಿಯನ್ನು ಒಳಕ್ಕೆ ಎಳೆದು, ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದ್ದು. ನಮಗೆ ಕಷ್ಟವಾದದ್ದು ನಟನೆ. ಮೊದಲು ಬೆಚ್ಚಿ, ಆಮೇಲೆ ಆರಾಮಾಗಬೇಕು! ಹನ್ನೊಂದು ಟೇಕ್ ಆಯಿತು. ಅಷ್ಟರ ಮೇಲೆ ನೋಡಿದರೆ, ಟೈರಿನ ಧೂಳು ವಾಪಸ್ ಟೈರಿನ ಕೆಳಗೇ ಹೋಗಿ ಸೇರುತ್ತಿತ್ತು.

ಧೂಳು ಅಡಗಲಿ ಅಂತ ರಸ್ತೆಗೆ ನೀರು ಹೊಡೆಸಿದೆವು. ಒದ್ದೆ ರಸ್ತೆಯಲ್ಲಿ ಹೆಡ್‌ಲೈಟ್ ಬೆಳಕು ಹೊಳೆದು ಫ್ರೇಮಿಗೆ ಒಂದು ಕಳೆ ಬಂತು. ಖುಷಿಯಲ್ಲಿ ಇನ್ನೂ ಜಾಸ್ತಿ ಹೊಡೆಸಿದೆವು. ತಗ್ಗಲ್ಲಿ ನೀರು ನಿಂತಿತು. ಕಾರು ಅದರಲ್ಲಿ ನಾಲ್ಕೈದು ಸಲ ಹೋಗಿ ಬಂತು. ಮುಂದಿನ ಶಾಟ್‌ನಲ್ಲಿ ಕಾರು ಮುಂದಕ್ಕೇ ಬಂದು ಗುರುತಿನ ಹತ್ತಿರ ನಿಲ್ಲಬೇಕು. ನಿಲ್ಲಲಿಲ್ಲ. ಗುರುತು ದಾಟಿ, ಟ್ರೈಪಾಡನ್ನು ಬೀಳಿಸಿ, ಹುಲ್ಲಿಗೆ ಹೋಗಿ ನಿಂತಿತು. ಕಾರು ಬರುವ ನೇರದಲ್ಲಿ ಯಾರೂ ನಿಲ್ಲಬಾರದು ಅಂತ ಮೊದಲೇ ಕಟ್ಟುನಿಟ್ಟು ಮಾಡಿದ್ದೆ, ಕ್ಯಾಮೆರಾಮನ್ ಆ ಕಡೆ ಮಾನಿಟರ್ ಮುಂದಿದ್ದ. ಬಟ್ಟೆಯೊಳಗಿಂದ ಡ್ರೈವರ್ ದನಿ: 'ಒತ್ತಿದೆ ಅಣ್ಣ, ಹಿಡೀಲಿಲ್ಲ!'

ಹಳೇ ಕಾರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದರೆ ಚಕ್ರದೊಳಗಿನ ಡಬ್ಬಿಯಂಥ ಡ್ರಮ್ಮಿಗೆ ಶೂ ಒತ್ತಿ ನಿಲ್ಲಿಸುವ ಬಗೆ. ಡ್ರಮ್ ಒಳಗೆ ನೀರು ಹೊಕ್ಕರೆ ಬ್ರೇಕ್ ಶೂ ಜಾರುತ್ತದೆ. ನನಗೆ ಇದು ಗೊತ್ತಿತ್ತು, ಶಾಟ್ ಚೆನ್ನಾಗಿ ಬರುತ್ತಿದೆ ಅನ್ನುವ ಗುಂಗಲ್ಲಿ ಮರೆತಿದ್ದೆ. ಆಮೇಲೆ ಪ್ರತಿ ಟೇಕಿಗೂ ಮುಂಚೆ ಬ್ರೇಕ್ ಲೈಟಾಗಿ ಒತ್ತಿಕೊಂಡೇ ಒಂದು ಸುತ್ತು ಓಡಿಸಿ ಒಣಗಿಸಿಕೊಂಡೆವು. ವೇಗವನ್ನೂ 30 ಕಿಲೋಮೀಟರ್ ದಾಟಿಸಲಿಲ್ಲ. ಸೆಕೆಂಡಿಗೆ 18 ಫ್ರೇಮಿನಂತೆ, ಅಂದರೆ 18 ಬಿಡಿ ಚಿತ್ರದಂತೆ, ತೆಗೆದು 24ರಲ್ಲಿ ಓಡಿಸಿದರೆ ಆ 30 ತೆರೆಯ ಮೇಲೆ 40 ಆಗುತ್ತದೆ. ಅಂಥ ಶಾಟ್‌ನಲ್ಲಿ ಮನುಷ್ಯರು ಇರಬಾರದು ಅಷ್ಟೆ, ನಡೆದರೆ ಕಾಮಿಡಿ ಆಗುತ್ತದೆ.

ಹಳೇ ಕಾಲದ ರೂಪಕ್ಕೆ ಡ್ರೋನ್ ಮುಟ್ಟಲಿಲ್ಲ. ಒಂದು ಹಳೇ ಜೂಮ್ ಲೆನ್ಸ್, ಹಳೇ ಫಿಲ್ಮಿನ ಹಾಗೆ ಕಾಳುಕಾಳಾಗಿ ಕಾಣೋಕೆ ಸ್ವಲ್ಪ ಗ್ರೇನ್, ಸಾಕು. ಎಡಿಟರ್ ಗೀರುಗಳನ್ನು ಹಾಕೋಣ ಅಂದ. ಬೇಡ ಅಂದೆ. ಗೀರು ಬೀಳುವುದು ಓಡಿ ಓಡಿ ಸವೆದ ಪ್ರಿಂಟಿಗೆ. ಆ ಕಾಲದ ಜನ ಮೊದಲ ದಿನ ನೋಡಿದ್ದು ಗೀರಿಲ್ಲದ ಸಿನಿಮಾವನ್ನೇ.

ಸೌಂಡಿಗೆ ಎಂಜಿನ್ ಶಬ್ದವನ್ನು ಅರ್ಧ ವೇಗಕ್ಕೆ ಇಳಿಸಿದೆವು, ಗುರುಗುಟ್ಟುವ ಹಾಗಾಯಿತು. ಆದರೆ ನನಗೆ ಹೆಚ್ಚು ಹೆದರಿಕೆ ಆದದ್ದು ಬೇರೆ ಶಬ್ದದಿಂದ. ಮೂರನೇ ರಾತ್ರಿ ಪ್ಯಾಕಪ್ ಆಗಿ ಎಲ್ಲರೂ ಸುಮ್ಮನಾದಾಗ ಕಾರಿನ ಕೆಳಗಿಂದ ಟಿಕ್, ಟಿಕ್ ಅಂತ ಬರುತ್ತಿತ್ತು. ಕಾದ ಸೈಲೆನ್ಸರ್ ಪೈಪು ತಣ್ಣಗಾಗುತ್ತಾ ಕುಗ್ಗುವ ಸದ್ದು. ಮೈಕನ್ನು ಕಾರಿನ ಕೆಳಗೆ ತೂರಿಸಿ ಹತ್ತು ನಿಮಿಷ ರೆಕಾರ್ಡ್ ಮಾಡಿದೆ. ನುಗ್ಗುವ ಶಾಟ್‌ಗಳಲ್ಲಿ ಅರ್ಧಕ್ಕರ್ಧ ಕತ್ತರಿಸಿ ಎಸೆದು, ಕಾರು ಸುಮ್ನೆ ನಿಂತಿರುವ ಒಂದು ಉದ್ದನೆಯ ಶಾಟ್ ಹಾಕಿ, ಅದರ ಮೇಲೆ ಈ ಟಿಕ್ ಟಿಕ್ ಮಾತ್ರ ಬಿಟ್ಟೆವು. ತೋರಿಸಿದಾಗ ಜನ ಮಿಸುಕಾಡದೆ ಕೂತದ್ದು ಅಲ್ಲೇ.

ಕಾರು ವಾಪಸ್ ಕೊಡುವ ದಿನ ತೊಳೆದು, ಒರೆಸಿ, ಹುಲ್ಲಿನ ಎಸಳೂ ಉಳಿಯದ ಹಾಗೆ ಮಾಡಿದ್ದೆವು. ಮಾಲೀಕರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲು ತೆಗೆಯೋಕೆ ಹೋಗಿ, ಬೆರಳು ಮೂಸಿ ನೋಡಿದರು.

'ಇದೇನಪ್ಪಾ, ಹಿಡಿಗೆಲ್ಲ ಅಂಟು?'