ಪ್ರಿಂಟರ್ ಮುಷ್ಕರ ಹೂಡಿದಾಗ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಅಕ್ಷಯ ಕೇಂದ್ರಗಳಲ್ಲಿ (ಕೇರಳದ ಆನ್‌ಲೈನ್ ಸರಕಾರಿ ಸೇವಾ ಕೇಂದ್ರಗಳು) ಕೆಲಸ ಮಾಡುವವರ ಗಮನಕ್ಕೆ. ಮಳೆಗಾಲದಲ್ಲಿ ಮುದ್ರಣದ ನಡುವೆ ಕರೆಂಟ್ ಹೋದರೆ, ಆಮೇಲೆ ಪ್ರಿಂಟರ್ ಅಲುಗಾಡದೆ ಕೂರುವುದುಂಟು. ಕೆಟ್ಟಿತೆಂದು ಕೂಡಲೇ ಮಂಗಳೂರಿಗೆ ಹೊತ್ತುಕೊಂಡು ಹೋಗಬೇಡಿ. ಹೆಚ್ಚಾಗಿ ಅರ್ಧಕ್ಕೆ ನಿಂತ ಫೈಲ್ ಸರದಿಯಲ್ಲಿ ಅಡ್ಡ ಕೂತು, ಹಿಂದಿನವಕ್ಕೆ ದಾರಿ ಬಿಡುತ್ತಿರುವುದಿಲ್ಲ.

ವಿಂಡೋಸ್‌ನಲ್ಲಿ ‘ಸರ್ವಿಸಸ್’ ತೆರೆದು, ಮುದ್ರಣದ ಸರದಿ ನೋಡಿಕೊಳ್ಳುವ ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಿ. ಅಡ್ಮಿನ್ ಅನುಮತಿ ಬೇಕು. ನಿಲ್ಲಿಸದೆ ಸರದಿಯ ಫೈಲ್ ಅಳಿಸಲು ಹೋದರೆ, ಫೈಲ್ ಬಳಕೆಯಲ್ಲಿದೆ ಎಂದು ತಡೆಯುತ್ತದೆ. ಬಳಿಕ ಸಿ ಡ್ರೈವ್‌ನಲ್ಲಿ ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಎಂದು ಒಂದರೊಳಗೊಂದು ಫೋಲ್ಡರ್ ತೆರೆದು, ಕೊನೆಯದರಲ್ಲಿರುವ ಫೈಲುಗಳನ್ನಷ್ಟೇ ಅಳಿಸಿ. ಪಕ್ಕದ ‘ಡ್ರೈವರ್ಸ್’ ಫೋಲ್ಡರಿಗೆ ಕೈ ಹಾಕಲೇಬೇಡಿ! ಸ್ಪೂಲರ್ ಮತ್ತೆ ಚಾಲೂ ಮಾಡಿ. ಸರದಿಯಲ್ಲಿದ್ದುದೆಲ್ಲ ಅಳಿಸಿಹೋಗಿರುತ್ತದೆ, ರೇಷನ್ ಕಾರ್ಡಿನ ಅರ್ಜಿಗೆ ಕಾದು ನಿಂತವರಿದ್ದರೆ ಅವರದ್ದನ್ನೇ ಮೊದಲು ಪ್ರಿಂಟ್‌ಗೆ ಕೊಡಿ.